ಹದಿನಾಲ್ಕನೆಯ ನಂಬರಿನ ಮನೆ

ಆ ಅಮಾವಾಸ್ಯೆ ಕಳೆದು ಬೆಳಗಾದಾಗ ನನ್ನ ಮನೆ ಕುಂಬಾರ ಓಣಿಯ ತುದಿಯಲ್ಲಿ, ರೊಟ್ಟಿ ಮಾರುವ ಕಾಶವ್ವನ ಮನೆಯ ಪಕ್ಕದಲ್ಲಿತ್ತು. ಹಿಂದಿನ ತಿಂಗಳು ಅದು ಕೆರೆಯ ಏರಿಯ ಕೆಳಗಿತ್ತು. ಅದಕ್ಕೂ ಹಿಂದಿನ ತಿಂಗಳು ಕಮ್ಮಾರಸಾಲೆಯ ಎದುರಿಗೆ. ಓಣಿಗಳು ಇದ್ದಲ್ಲಿಯೇ ಇರುತ್ತವೆ, ಮನೆಗಳು ಇರುವುದಿಲ್ಲ. ಈ ಊರಿಗೆ ಶಿಕ್ಷಕಿಯಾಗಿ ಬಂದ ಇಪ್ಪತ್ತೆರಡು ವರ್ಷಗಳಲ್ಲಿ ನಾನು ಇದಕ್ಕೆ ಹೊಂದಿಕೊಂಡೆ, ಒಪ್ಪಿಕೊಳ್ಳಲಿಲ್ಲ. ಹೊಂದಿಕೊಳ್ಳುವುದು ಅನಿವಾರ್ಯ, ಒಪ್ಪಿಕೊಳ್ಳುವುದು ಆಯ್ಕೆ ಎಂದು ನನ್ನ ವಿದ್ಯಾರ್ಥಿಗಳಿಗೂ ಹೇಳುತ್ತ ಬಂದಿದ್ದೇನೆ.

ಊರಿನವರ ರೂಢಿ ಬೇರೆ. ಅಮಾವಾಸ್ಯೆಯ ಮರುದಿನ ಸೂರ್ಯ ಮೂಡುತ್ತಿದ್ದಂತೆ ಪ್ರತಿ ಮನೆಯ ಹೊಸ್ತಿಲಿನಲ್ಲಿ ಒಬ್ಬರು ನಿಂತು ತಮ್ಮ ಮನೆಯ ಹೆಸರನ್ನು ಕೂಗುತ್ತಾರೆ. "ಕರೇ ಬಾಗಿಲ ಮನಿ!" "ಎರಡು ಬಾವಿ ಮನಿ!" "ಸೂಲಗಿತ್ತಿ ನೀಲವ್ವನ ಮನಿ!" ಕೇಳಿಸಿದವರು ತಮ್ಮ ಹೊಸ್ತಿಲಿನಿಂದಲೇ "ಕೇಳ್ತು!" ಎನ್ನುತ್ತಾರೆ. ಅರ್ಧ ತಾಸಿನಲ್ಲಿ ಯಾರು ಎಲ್ಲಿದ್ದಾರೆಂದು ಊರಿಗೆಲ್ಲ ತಿಳಿದಿರುತ್ತದೆ; ಮೊಸರು ಮಾರುವವಳು ತಪ್ಪದೆ ತನ್ನ ಗಿರಾಕಿಗಳ ಬಾಗಿಲಿಗೆ ಹೋಗುತ್ತಾಳೆ, ಮಕ್ಕಳು ಗಂಟೆಯ ಸದ್ದನ್ನು ಹಿಡಿದು ಶಾಲೆಗೆ ಬರುತ್ತಾರೆ.

ಬೆಳೆದು ನಿಂತ ಮನುಷ್ಯರು ಬೀದಿಯ ಕಡೆ ಮುಖ ಮಾಡಿ ಕೂಗುವುದು ನನಗೆ ಶಿಸ್ತಾಗಿ ಕಾಣಲಿಲ್ಲ. ನಾನು ಬಂದ ಮೊದಲ ವರ್ಷವೇ ಸುಣ್ಣದ ನೀಲಿಯ ಡಬ್ಬಿ ಹಿಡಿದು ಮನೆಮನೆಗೆ ಹೋಗಿ ಬಾಗಿಲಿನ ಮೇಲೆ ಅಂಕಿ ಬರೆದೆ. ಮೂರು ತಿಂಗಳಲ್ಲಿ ಐದನೆಯ ನಂಬರಿನ ಪಕ್ಕದಲ್ಲಿ ಅರವತ್ತೊಂದು, ಅದರ ಎದುರಿಗೆ ಎರಡು. ಪಂಚಾಯಿತಿಯ ಹಿರಿಯರೊಬ್ಬರು ಬಂದು, "ಅಕ್ಕೋರ, ನಿಮ್ಮ ಲೆಕ್ಕ ತಪ್ಪೇತ್ರಿ" ಎಂದು ನಕ್ಕರು. "ಲೆಕ್ಕ ತಪ್ಪಿಲ್ಲ. ಮನೆಗಳು ತಪ್ಪಿವೆ" ಎಂದೆ. ಮುಂದಿನ ಹಬ್ಬದ ಸುಣ್ಣದಲ್ಲಿ ಎಲ್ಲರ ಅಂಕಿಗಳೂ ಮುಚ್ಚಿಹೋದವು. ನನ್ನ ಬಾಗಿಲ ಮೇಲಿನ ಅಂಕಿ ಮಾತ್ರ ಉಳಿಯಿತು, ಏಕೆಂದರೆ ಅದನ್ನು ನಾನು ನೀಲಿ ಮೀನಾಕಾರಿಯ ತಗಡಿನಲ್ಲಿ ಮಾಡಿಸಿ ಮೊಳೆ ಹೊಡೆದಿದ್ದೆ: ಹದಿನಾಲ್ಕು. ಈ ಇಪ್ಪತ್ತೆರಡು ವರ್ಷಗಳಲ್ಲಿ ಒಂದು ದಿನವೂ ನಾನು ಹೊಸ್ತಿಲಿನಲ್ಲಿ ನಿಂತು ಕೂಗಿದವಳಲ್ಲ. ಆದರೂ ನನ್ನ ಮನೆಗೆ ಬರಬೇಕಾದವರು ಬರುತ್ತಲೇ ಇದ್ದರು. ತಗಡಿನ ಮಹಿಮೆ ಎಂದು ನಾನು ಭಾವಿಸಿದ್ದೆ.

ಆ ಬೆಳಿಗ್ಗೆ ನನಗೆ ಕೂಗುಗಳ ಕಡೆ ಗಮನವಿರಲಿಲ್ಲ. ನಾನು ಉಗ್ರಾಣದಲ್ಲಿ, ಜೋಳದ ಚೀಲದ ಪಕ್ಕದ ಮೇಜಿನ ಮುಂದೆ ಕುಳಿತು, ಪರದೆಯ ಮೇಲಿನ ಎರಡು ಪದಗಳನ್ನು ಓದುತ್ತಿದ್ದೆ: ಸಂಪರ್ಕ ನಿರಾಕರಿಸಲಾಗಿದೆ.

ಆ ಎರಡು ಪದಗಳಿಗೆ ನಮ್ಮ ಶಾಲೆಯ ಜೀವ ಕಟ್ಟುಬಿದ್ದಿತ್ತು. ತಾಲೂಕು ಕಚೇರಿಯ ಜೀಪು ಎರಡು ಸಲ ಅಮಾವಾಸ್ಯೆಯ ಮರುದಿನವೇ ತಪಾಸಣೆಗೆ ಬಂದು, ಶಾಲೆ ಸಿಗದೆ, ಅದೇ ನಾಲ್ಕು ಓಣಿಗಳಲ್ಲಿ ಸುತ್ತಿ ವಾಪಸಾಗಿತ್ತು. ಆಮೇಲೆ ಒಂದು ಪತ್ರ ಬಂತು. ಖಚಿತ ವಿಳಾಸವಿಲ್ಲದ ಶಾಲೆಯನ್ನು ಒಂಬತ್ತು ಮೈಲಿ ಆಚೆಯ ದೊಡ್ಡ ಶಾಲೆಯಲ್ಲಿ ವಿಲೀನಗೊಳಿಸಲಾಗುವುದು. ಹಾಗಾಗಬಾರದೆಂದಾದರೆ ಮಕ್ಕಳ ಹಾಜರಿ, ಅಂಕ, ಆರೋಗ್ಯದ ದಾಖಲೆಗಳೆಲ್ಲ ಕಚೇರಿಯಲ್ಲಿ ಕುಳಿತೇ ನೋಡಲು ಸಿಗುವಂತಿರಬೇಕು. ಪರೀಕ್ಷೆ ಸತತ ಮೂರು ತಿಂಗಳು, ಅಮಾವಾಸ್ಯೆಯ ಮರುದಿನ, ಸಂಜೆ ನಾಲ್ಕಕ್ಕೆ. ಒಮ್ಮೆ ತಪ್ಪಿದರೂ ವಿಲೀನ. ನಮ್ಮಲ್ಲಿ ಇಪ್ಪತ್ತಮೂರು ಮಕ್ಕಳು. ಒಂಬತ್ತು ಮೈಲಿ ನಡೆದು ಹೋಗುವ ಶಕ್ತಿ ಅವರಲ್ಲಿ ಆರು ಜನಕ್ಕಿತ್ತು. ನಡೆದು ಬಂದ ಮೇಲೆ ತಮ್ಮ ಮನೆಯನ್ನು ಹುಡುಕಿಕೊಳ್ಳುವ ಹೊತ್ತು ಒಬ್ಬರಿಗೂ ಉಳಿಯುತ್ತಿರಲಿಲ್ಲ. ಉಳಿದ ಹದಿನೇಳು ಜನ ಓದು ಬಿಡುತ್ತಿದ್ದರು. ಪತ್ರ ಬರೆದವರಿಗೆ ಇದು ತಿಳಿಯದ ವಿಷಯವೇನಲ್ಲ. ತಿಳಿದೂ ಬರೆಯುವವರನ್ನು ಏನೆನ್ನಬೇಕೆಂಬುದನ್ನು ನಾನು ತರಗತಿಯಲ್ಲಿ ಹೇಳುವುದಿಲ್ಲ. ಮಕ್ಕಳು ಕೇಳಬಾರದ ಪದಗಳು ಅವು.

ಎರಡು ತಿಂಗಳು ನಾವು ಗೆದ್ದಿದ್ದೆವು. ಗೆಲ್ಲಿಸಿದವನು ಗುರುಸಿದ್ಧ, ನಾನು ಬಂದ ಮೊದಲ ವರ್ಷದ ನಾಲ್ಕನೆಯ ತರಗತಿಯ ವಿದ್ಯಾರ್ಥಿ. ಈಗ ಮೂವತ್ತೆರಡು ವಯಸ್ಸು, ಪಂಪು ಮೋಟಾರು ರಿಪೇರಿಯ ಅಂಗಡಿ. ಶಾಲೆಯ ಮಾಡು ಸೋರುತ್ತಿದ್ದುದರಿಂದ ಅವನು ಹಳೆಯ ಕಂಪ್ಯೂಟರೊಂದನ್ನು ನನ್ನ ಉಗ್ರಾಣದಲ್ಲಿಟ್ಟು ಅದನ್ನು ಸರ್ವರ್ ಮಾಡಿದ. ಒಳಗೆ ಎರಡು ಕಂಟೇನರುಗಳನ್ನು ಕೂಡಿಸಿದ. "ಕಂಟೇನರ್ ಅಂದ್ರ ಮತ್ತೇನಿಲ್ರಿ ಅಕ್ಕೋರ, ಒಂದ ಮನಿಯೊಳಗಿನ ಬ್ಯಾರೆ ಬ್ಯಾರೆ ಖೋಲಿ ಇದ್ದಂಗ. ಒಂದರ ಕೆಲಸ ಒಂದಕ್ಕ ಗೊತ್ತಿಲ್ಲ, ಒಂದು ಕೆಟ್ರ ಇನ್ನೊಂದು ಕೆಡಂಗಿಲ್ಲ" ಎಂದು ತಿಳಿಸಿಕೊಟ್ಟ. ಒಂದು ಕೋಣೆಗೆ ಕಡತ ಎಂದು ಹೆಸರಿಟ್ಟ. ಅಲ್ಲಿ ಮಕ್ಕಳ ದಾಖಲೆಗಳು. ಇನ್ನೊಂದಕ್ಕೆ ಕಿಟಕಿ ಎಂದು. ಹೊರಗಿನವರು ಕೇಳಿದ ಹಾಳೆಯನ್ನು ಕಡತದಿಂದ ತಂದು ತೋರಿಸುವುದು ಅದರ ಕೆಲಸ. ಎರಡೂ ಕೋಣೆಗಳು ಒಂದೇ ಒಳಅಂಗಳಕ್ಕೆ ತೆರೆದುಕೊಳ್ಳುವಂತೆ ಒಂದು ಪುಟ್ಟ ನೆಟ್‌ವರ್ಕ್ ಕಟ್ಟಿ ಅದಕ್ಕೆ ಅಂಗಳ ಎಂದೇ ಕರೆದ. ಅವನು ಎಲ್ಲಕ್ಕೂ ಹೆಸರಿಡುವವನು. ಈ ಊರಿನ ಮಗನಲ್ಲವೇ.

ಇದೆಲ್ಲ ನಡೆಯಬೇಕಾದ ರೀತಿಯನ್ನು ಬರೆದಿಟ್ಟ ಒಂದು ಫೈಲು ಇತ್ತು. ಮೂರು ವಾರಗಳ ಹಿಂದೆ ಅದನ್ನು ತೆರೆದು ಓದಿದೆ. ಕಿಟಕಿಯು ದಾಖಲೆಗಳಿಗಾಗಿ ಎಲ್ಲಿಗೆ ಹೋಗಬೇಕು ಎಂಬ ಕಡೆ ಅವನು ಸಂಖ್ಯೆಯ ವಿಳಾಸ ಕೊಟ್ಟಿರಲಿಲ್ಲ. ಬರೀ "ಕಡತ" ಎಂದು ಬರೆದಿದ್ದ. ಕಚೇರಿಯವರು ವಿಳಾಸ ಕೇಳುತ್ತಿರುವ ಹೊತ್ತಿನಲ್ಲಿ, ನನ್ನ ಮನೆಯೊಳಗೇ, ವಿಳಾಸದ ಜಾಗದಲ್ಲಿ ಅಡ್ಡಹೆಸರು! ನನಗೆ ಮೈಯೆಲ್ಲ ಉರಿಯಿತು. ಕೋಣೆಗಳಿಗೆ ಯಂತ್ರವೇ ಸಂಖ್ಯೆ ಕೊಟ್ಟಿರುತ್ತದೆಂದು ತಿಳಿದುಕೊಂಡೆ. ಕಡತದ ಸಂಖ್ಯೆ ಎರಡರಲ್ಲಿ ಮುಗಿಯುತ್ತಿತ್ತು, ಕಿಟಕಿಯದು ಮೂರರಲ್ಲಿ. ಅವನ ಸಾಲನ್ನು ರದ್ದುಪಡಿಸಿ, ಕೆಳಗೆ ಪೂರ್ಣ ಸಂಖ್ಯೆ ಬರೆದೆ. ಅಂಗಳದ ಸಾಲೂ ಅನಗತ್ಯವೆನ್ನಿಸಿ ಅದನ್ನೂ ರದ್ದುಪಡಿಸಿದೆ. ಎಲ್ಲವೂ ಸರಿಯಾಗಿ ನಡೆಯಿತು. ಮರುದಿನ ಗುರುಸಿದ್ಧ ಶಾಲೆಯ ನೀರಿನ ತೊಟ್ಟಿಯ ನಲ್ಲಿ ಹಾಕಲು ಬಂದಿದ್ದಾಗ, ಇಪ್ಪತ್ತಮೂರು ಮಕ್ಕಳ ಎದುರಿಗೆ ಅವನನ್ನು ನಿಲ್ಲಿಸಿ, "ಅಜಾಗರೂಕತೆ ಎಂದರೆ ಏನು ಎಂಬುದಕ್ಕೆ ಇವನು ಉದಾಹರಣೆ" ಎಂದೆ. ಅವನು ಕೈಯಲ್ಲಿದ್ದ ನಲ್ಲಿ ಬಿಗಿಯುವ ಪಾನಾವನ್ನು ತಿರುಗಿಸುತ್ತ, "ಆತ್ರಿ ಅಕ್ಕೋರ" ಎಂದಷ್ಟೇ ಹೇಳಿ, ನಲ್ಲಿ ಹಾಕಿ ಹೋದ. ಕೂಲಿ ತೆಗೆದುಕೊಳ್ಳಲಿಲ್ಲ.

ಆದ್ದರಿಂದ ಆ ಬೆಳಿಗ್ಗೆ ನನಗೆ ಮೊದಲು ಹೊಳೆದದ್ದು ಅವನ ಹೆಸರೇ. ಅವಮಾನವಾದವನು ಸೇಡು ತೀರಿಸಿಕೊಂಡಿದ್ದಾನೆ. ಎಂಟು ಗಂಟೆಗೆ ಫೋನು ಮಾಡಿ ನೇರವಾಗಿ ಕೇಳಿದೆ: "ಗುರುಸಿದ್ಧಾ, ಯಂತ್ರಕ್ಕೆ ಏನು ಮಾಡಿದೆ?"

"ಏನೂ ಮಾಡಿಲ್ರಿ. ಮೂರು ವಾರ ಆತು, ನಿಮ್ಮ ಮನಿ ಹೊಸ್ತಿಲಾ ತುಳದಿಲ್ಲ."

"ದೂರದಿಂದಲೂ ಕೆಡಿಸಬಹುದಲ್ಲ?"

ಅತ್ತ ಕಡೆ ನೀರಿನ ಸದ್ದು, ಕಬ್ಬಿಣ ಬಡಿಯುವ ಸದ್ದು. ಅವುಗಳ ನಡುವೆ ಅವನು, "ಕೆಡಸಾಕ ಬರ್ತೈತ್ರಿ. ಕೆಡಸೂದನ್ನ ನೀವು ಕಲಿಸಿಲ್ಲ" ಎಂದ. "ನಾ ಹೊಳಿ ದಂಡ್ಯಾಗ ಅದೀನ್ರಿ, ಊರಿನ ನೀರಿನ ಮೋಟಾರ್ ಬಿಚ್ಚೀನಿ. ಬಿಟ್ಟು ಬಂದ್ರ ಊರಿಗೆ ಕುಡಿಯಾಕ ನೀರಿಲ್ಲ. ಏನಂತೈತಿ ಹೇಳ್ರಿ, ಇಲ್ಲಿಂದನ..."

"ಅಗತ್ಯವಿಲ್ಲ" ಎಂದು ಫೋನು ಇಟ್ಟೆ. ನಂಬಿಕೆ ಕಳೆದುಕೊಂಡವನ ಸಹಾಯ ಪಡೆಯುವುದಕ್ಕಿಂತ ನಾನೇ ಕಲಿತು ಸರಿಪಡಿಸುವುದು ಮೇಲು. ನನಗೆ ಐವತ್ತಾರು ವಯಸ್ಸು; ಐವತ್ತಾರಕ್ಕೆ ಕಲಿಯಬಾರದೆಂದು ಯಾವ ಪಾಠದಲ್ಲೂ ಇಲ್ಲ. ಶಾಲೆಗೆ ಸಹಶಿಕ್ಷಕಿಯನ್ನು ಕಳಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿ ಕುಳಿತೆ.

ಮಕ್ಕಳಿಗೆ ನಾನು ಕಠಿಣ ಲೆಕ್ಕ ಬಿಡಿಸಲು ಕಲಿಸುವ ಕ್ರಮವೇ ನನ್ನ ಕ್ರಮ: ಗೊತ್ತಿರುವುದರಿಂದ ಆರಂಭಿಸು, ಒಂದೊಂದೇ ಹೆಜ್ಜೆ ಇಡು, ಪ್ರತಿ ಹೆಜ್ಜೆಯನ್ನೂ ಬರೆ. ನೋಟುಬುಕ್ಕಿನಲ್ಲಿ ಬರೆಯುತ್ತ ಹೋದೆ. ವಿದ್ಯುತ್ ಇದೆಯೇ? ಇದೆ. ಮನೆಗಳು ಸರಿಯುವಾಗ ಕಂಬದ ತಂತಿಗಳೂ ಅವುಗಳ ಬೆನ್ನು ಹತ್ತಿ ಬರುತ್ತವೆ; ಆ ಗಡಿಬಿಡಿಯಲ್ಲಿ ಒಂದು ಗಳಿಗೆ ಕರೆಂಟು ಹೋಗಿ ಬರುತ್ತದೆ. ಯಂತ್ರವೂ ಆರಿ ಮತ್ತೆ ಎದ್ದಿತ್ತು. ಹೊರಗಿನ ನೆಟ್‌ವರ್ಕ್ ಇದೆಯೇ? ಇದೆ, ರೂಟರಿನ ಹಸಿರು ದೀಪಗಳು ಉರಿಯುತ್ತಿವೆ, ಫೋನಿನಲ್ಲಿ ಹವಾಮಾನ ತೋರಿಸುತ್ತಿದೆ. ಕಿಟಕಿ ಎಚ್ಚರವಾಗಿದೆಯೇ? ಆಗಿದೆ; ಮೊದಲ ಪುಟ ತೆರೆಯುತ್ತಿದೆ. ಕಡತ ಎಚ್ಚರವಾಗಿದೆಯೇ? ಆಗಿದೆ, ಅದರೊಳಗೆ ನೇರವಾಗಿ ಹೋಗಿ ಕೇಳಿದಾಗ ಇಪ್ಪತ್ತಮೂರು ಹೆಸರುಗಳೂ ಕ್ರಮವಾಗಿ ಬಂದವು. ಹಾಗಾದರೆ ದೋಷ ಎರಡರ ನಡುವೆ. ಹನ್ನೊಂದು ಗಂಟೆಗೆ ಇಷ್ಟು ಸ್ಪಷ್ಟವಾಯಿತು. ಎಲ್ಲವನ್ನೂ ಆರಿಸಿ ಮತ್ತೆ ಹಚ್ಚಿದೆ. ಮತ್ತದೇ ಎರಡು ಪದ.

ಮಧ್ಯಾಹ್ನ ಹನ್ನೆರಡಕ್ಕೆ ತಾಲೂಕು ಕಚೇರಿಯ ಗುಮಾಸ್ತ ತಾನಾಗಿಯೇ ಫೋನು ಮಾಡಿದ. ಸಾಹೇಬರು ನಾಲ್ಕಕ್ಕೆ ಸರಿಯಾಗಿ ನೋಡುತ್ತಾರೆಂದು ನೆನಪಿಸುವುದಕ್ಕೆ. ನಾನು ಇದ್ದದ್ದನ್ನು ಇದ್ದಂತೆ ಹೇಳಿದೆ.

"ಅಯ್ಯೋ ಮೇಡಂ, ಇಷ್ಟಕ್ಕೆಲ್ಲ ಯಾಕೆ ತಲೆ ಕೆಡಿಸ್ಕೊಳ್ತೀರಾ? ಆ ಕೋಣೆ ಗೀಣೆ ಎಲ್ಲ ತೆಗೆದುಹಾಕಿ. ಬೇಲಿನೇ ಇಲ್ದಂಗೆ ಎಲ್ಲ ಬಾಗಿಲೂ ಬೀದಿಗೆ ತೆರೆದಿಟ್ಟುಬಿಡಿ. ನಮಗೂ ನೇರವಾಗಿ ಸಿಗತ್ತೆ."

"ಬೀದಿಯಲ್ಲಿ ಹೋಗುವವರಿಗೂ ಸಿಗುತ್ತದೆ."

"ಸಿಕ್ಕರೆ ಏನಾಯ್ತು? ಮಕ್ಕಳ ಹಾಜರಿ ತಾನೇ?"

ಹಾಜರಿ ಮಾತ್ರವಲ್ಲ. ಯಾವ ಮಗುವಿಗೆ ಮೂರ್ಛೆರೋಗದ ಗುಳಿಗೆ ನಡೆದಿದೆ, ಯಾವ ಹುಡುಗಿ ಯಾಕೆ ತಿಂಗಳಿಗೆ ಮೂರು ದಿನ ಬರುವುದಿಲ್ಲ, ಯಾರ ಬೆನ್ನಿನ ಮೇಲೆ ಬಾಸುಂಡೆ ಕಂಡು ನಾನು ಯಾರ ಅಪ್ಪನನ್ನು ಕರೆಸಿ ಮಾತಾಡಿದೆ, ಎಲ್ಲವೂ ಆ ಕೋಣೆಯಲ್ಲಿದೆ. ನನ್ನನ್ನು ನಂಬಿ ಹೇಳಿದ ಮಾತುಗಳು ಅವು. "ಶಾಲೆ ಉಳಿಸಲು ಮಕ್ಕಳ ಮಾನವನ್ನು ಬೀದಿಗಿಡುವುದಿಲ್ಲ" ಎಂದೆ.

ಗುಮಾಸ್ತ ನಿಟ್ಟುಸಿರಿಟ್ಟ. "ಹೋಗ್ಲಿ, ಹೋದ ತಿಂಗಳ ಪುಟದ ಫೋಟೋ ಇದೆಯಲ್ಲ? ತಾರೀಖು ತಿದ್ದಿ ಕಳಿಸಿ. ನಾನು ಸಾಹೇಬ್ರಿಗೆ ಅದನ್ನೇ ತೋರಿಸ್ತೀನಿ. ಯಾರು ನೋಡ್ತಾರೆ?"

"ನಾನು ನೋಡುತ್ತೇನೆ" ಎಂದೆ. ಸ್ವಲ್ಪ ಜೋರಾಗಿಯೇ ಎಂದೆನೆಂದು ತೋರುತ್ತದೆ. ಉಗ್ರಾಣದ ಕಿಟಕಿಯಿಂದಾಚೆ ಕಾಶವ್ವನ ರೊಟ್ಟಿ ಬಡಿಯುವ ಸದ್ದು ತಟ್ಟನೆ ನಿಂತಿತು.

ಎರಡೂವರೆಗೆ ಕಾಶವ್ವ ಹಿತ್ತಲ ಬಾಗಿಲಿನಿಂದ ಒಳಗೆ ಬಂದಳು, ಕೈಯಲ್ಲಿ ಎರಡು ಬಿಸಿ ರೊಟ್ಟಿ, ಎಣ್ಣೆಗಾಯಿ. ಅರವತ್ತು ದಾಟಿದ ಹೆಂಗಸು. ಅವಳ ಮನೆ ನನ್ನ ಮನೆಯ ಪಕ್ಕಕ್ಕೆ ಬಂದದ್ದು ಇದು ಮೂರನೆಯ ಸಲ. "ಉಣ್ರಿ ಅಕ್ಕೋರ. ಹೊಟ್ಯಾಗ ಏನಿಲ್ದ ಬೈದ್ರ ಬೈಗಳಿಗೂ ರುಚಿ ಇರಂಗಿಲ್ಲ."

"ನಾನು ಬೈಯಲಿಲ್ಲ ಕಾಶವ್ವ. ತಿಳಿಸಿ ಹೇಳಿದೆ."

"ಹೌದೌದು. ನೀವು ತಿಳಿಸಿ ಹೇಳಿದ್ದು ಕೇಳಿ ನನ್ನ ಹಂಚಿನ ಮ್ಯಾಲಿನ ರೊಟ್ಟಿ ತಾನ ಮಗಚಿ ಬಿತ್ತು." ಅವಳು ಜೋಳದ ಚೀಲದ ಮೇಲೆ ಕುಳಿತು ಪರದೆಯನ್ನು ನೋಡಿದಳು. "ಏನಂತೈತ್ರಿ ಅದು?"

"ನಿರಾಕರಿಸಲಾಗಿದೆ ಎನ್ನುತ್ತಿದೆ. ಬಾಗಿಲು ತಟ್ಟಿದರೆ, ಇಲ್ಲಿ ಅಂಥವರಿಲ್ಲ, ಹೋಗು ಎನ್ನುತ್ತಿದೆ."

"ಹೋಗು ಅಂದ್ರ ಒಳಗ ಯಾರೋ ಅದಾರ ಬಿಡ್ರಿ. ಖಾಲಿ ಮನಿ ಮಾತಾಡಂಗಿಲ್ಲ. ತಟ್ಟಿದ್ದು ಯಾರ ಮನಿ?"

ನಾನು ರೊಟ್ಟಿ ಮುರಿಯುತ್ತಿದ್ದ ಕೈ ನಿಲ್ಲಿಸಿದೆ. ಬೆಳಗಿನಿಂದ ಈ ಪ್ರಶ್ನೆಯನ್ನು ನಾನು ನೋಟುಬುಕ್ಕಿನಲ್ಲಿ ಬರೆದಿರಲಿಲ್ಲ. ಯಾರೂ ಇಲ್ಲದ ಕಡೆ ತಟ್ಟಿದ್ದರೆ ಉತ್ತರವೇ ಬರುತ್ತಿರಲಿಲ್ಲ. ಯಂತ್ರ ಕಾದು ಕಾದು ಸುಮ್ಮನಾಗುತ್ತಿತ್ತು. ಇಲ್ಲಿ ತಟ್ಟಿದ ಕೂಡಲೇ ಉತ್ತರ ಬರುತ್ತಿದೆ. "ಎರಡರಲ್ಲಿ ಮುಗಿಯುವ ಸಂಖ್ಯೆಯ ಕೋಣೆ. ಕಡತದ ಕೋಣೆ" ಎಂದೆ. ಹೇಳುವಾಗಲೇ ಮಾತಿನಲ್ಲಿ ಬಲವಿರಲಿಲ್ಲ.

"ನಂಬರ್ ಹಿಡಕೊಂಡು ತಟ್ಟೀರೇನು?" ಕಾಶವ್ವ ಬಾಯಿಗೆ ಸೆರಗು ಒತ್ತಿ ನಕ್ಕಳು. "ಅಮಾಸಿ ಮರುದಿನ!"

"ನನ್ನ ಬಾಗಿಲಿನ ಮೇಲೂ ನಂಬರಿದೆ. ಎಲ್ಲರೂ ಅದನ್ನು ನೋಡಿಯೇ ಬರುತ್ತಾರಲ್ಲ?"

ಅವಳ ನಗು ನಿಂತಿತು. ನನ್ನನ್ನು, ಆಮೇಲೆ ನೆಲವನ್ನು ನೋಡಿದಳು. "ನಿಮಗ ಯಾರೂ ಹೇಳಿಲ್ಲೇನ್ರಿ?"

"ಏನನ್ನು?"

"ನೀವು ಕೂಗಂಗಿಲ್ಲಲ್ಲ. ಅದಕ್ಕ ಆ ತಿಂಗಳು ನಿಮ್ಮ ಬಾಜೂಕ ಯಾರು ಬರ್ತಾರೋ ಅವರು ತಮ್ಮ ಮನಿ ಹೆಸರು ಕೂಗಿ ನಿಮ್ಮದೂ ಕೂಗ್ತಾರ. ನೀವು ಬಂದಾಗಿಂದ ಹಂಗ ನಡದೈತಿ. ಇವತ್ತ ನಸುಕಿನ್ಯಾಗ ನಾನ ಕೂಗೀನಿ. ಇಲ್ಲಾಂದ್ರ ಹಾಲಿನಾಂವ ಹೆಂಗ ಬರ್ತಿದ್ದ? ಆ ಹಾಲಿನಾಂವಗ ಅಕ್ಷರಾನ ಬರಂಗಿಲ್ರಿ."

ಇಪ್ಪತ್ತೆರಡು ವರ್ಷ. ಒಂದು ವರ್ಷಕ್ಕೆ ಹನ್ನೆರಡು ಅಮಾವಾಸ್ಯೆ. ಅಷ್ಟು ಬೆಳಗುಗಳು ಯಾರಾರೋ ನನ್ನ ಪರವಾಗಿ ಗಂಟಲು ಹರಿದುಕೊಂಡಿದ್ದರು. ನಾನು ಒಳಗೆ ಕುಳಿತು ತಗಡಿನ ಬಗ್ಗೆ ಹೆಮ್ಮೆ ಪಡುತ್ತಿದ್ದೆ. ಸಂತೆಯಲ್ಲಿ, ಸಭೆಯಲ್ಲಿ, ಶಾಲೆಯಲ್ಲಿ ಅವರನ್ನೇ ಶಿಸ್ತಿಲ್ಲದವರೆಂದು ಜರೆದಿದ್ದೆ. ಅವರಲ್ಲಿ ಒಬ್ಬರಾದರೂ ತಿರುಗಿ ಹೇಳಿರಲಿಲ್ಲ.

"ನನ್ನ ಮನೆಗೆ ಏನೆಂದು ಹೆಸರು?" ಎಂದು ಕೇಳಿದೆ.

"ತಿದ್ದೋರ ಮನಿ" ಎಂದಳು ಕಾಶವ್ವ. "ನಮ್ಮ ಮಕ್ಕಳ ತಪ್ಪು ತಿದ್ದೋರಲ್ಲೇನ್ರಿ ನೀವು. ಚಲೋ ಹೆಸರೈತಿ. ನನ್ನ ಮನಿಗೆ ನೋಡ್ರಿ, ಹೊಗಿ ಮನಿ ಅಂತಾರ."

ನಾನು ರೊಟ್ಟಿಯನ್ನು ಕೆಳಗಿಟ್ಟು, ಕೈ ತೊಳೆದು, ಯಂತ್ರದ ಮುಂದೆ ಕುಳಿತೆ. ಈಗ ಯಾವ ಕೋಣೆಗೆ ಯಾವ ಸಂಖ್ಯೆ ಎಂದು ಅದನ್ನು ಕೇಳಿದೆ. ಉತ್ತರ ಎರಡೇ ಸಾಲಿನದು. ಕಡತದ ಸಂಖ್ಯೆ ಮೂರರಲ್ಲಿ ಮುಗಿಯುತ್ತಿತ್ತು. ಎರಡರಲ್ಲಿ ಮುಗಿಯುವುದು ಕಿಟಕಿಯದು. ಕರೆಂಟು ಹೋಗಿ ಬಂದಾಗ ಕೋಣೆಗಳು ಎದ್ದ ಸರದಿಯಂತೆ ಸಂಖ್ಯೆ ಪಡೆದಿದ್ದವು, ಈ ಸಲ ಹಗುರವಾದ ಕಿಟಕಿ ಮೊದಲು ಎದ್ದಿತ್ತು. ನಾನು ಸ್ಥಿರವೆಂದು ಬರೆದಿಟ್ಟ ಸಂಖ್ಯೆಯನ್ನು ಪ್ರಾಮಾಣಿಕವಾಗಿ ನಂಬಿ ಆ ಬಡಪಾಯಿ ಕಿಟಕಿ ಬೆಳಗಿನಿಂದ ತನ್ನ ಬಾಗಿಲನ್ನು ತಾನೇ ತಟ್ಟುತ್ತಿತ್ತು. ತಾನೇ ಒಳಗಿನಿಂದ, ಇಲ್ಲಿ ದಾಖಲೆಗಳಿಲ್ಲ, ಹೋಗು ಎನ್ನುತ್ತಿತ್ತು.

ಗುರುಸಿದ್ಧ ಹೆಸರು ಬರೆದದ್ದು ಅಜಾಗರೂಕತೆಯಿಂದಲ್ಲ. ಹುಟ್ಟಿದಂದಿನಿಂದ ಮನೆ ಸರಿಯುವುದನ್ನು ಕಂಡವನು ತಿಳಿದೇ ಬರೆದಿದ್ದ. ಅವನ ಬರಹವಿದ್ದ ಎರಡು ಅಮಾವಾಸ್ಯೆಗಳನ್ನು ಯಂತ್ರ ದಾಟಿತ್ತು. ನನ್ನ ತಿದ್ದುಪಡಿ ಮೊದಲನೆಯದನ್ನೇ ದಾಟಲಿಲ್ಲ.

ಗಡಿಯಾರ ಮೂರು ಇಪ್ಪತ್ತು ತೋರಿಸುತ್ತಿತ್ತು. ಒಂದು ಅಂಕಿ ಬದಲಿಸಿದ್ದರೆ ಸಾಕಿತ್ತು. ಎರಡರ ಜಾಗದಲ್ಲಿ ಮೂರು. ನಾಲ್ಕು ಗಂಟೆಯ ಪರೀಕ್ಷೆಯೂ ಮುಗಿಯುತ್ತಿತ್ತು, ನನ್ನ ಮಾತೂ ಉಳಿಯುತ್ತಿತ್ತು. ಮುಂದಿನ ಅಮಾವಾಸ್ಯೆಗೆ ಯಾರೂ ಪರೀಕ್ಷೆ ಮಾಡುವುದಿಲ್ಲವಲ್ಲ ಎಂದು ಮನಸ್ಸಿನ ಯಾವುದೋ ಮೂಲೆ ಗುಮಾಸ್ತನ ದನಿಯಲ್ಲಿಯೇ ಹೇಳಿತು. ಆ ದನಿಯನ್ನು ನನ್ನೊಳಗೆ ಕೇಳಿ ನನಗೆ ಆದ ನಾಚಿಕೆಯನ್ನು ಇಲ್ಲಿ ಬರೆಯದೆ ಬಿಡಲಾರೆ. ಸಂಖ್ಯೆಯನ್ನು ರದ್ದುಮಾಡಿ ಅದರ ಜಾಗದಲ್ಲಿ ಹೆಸರು ಬರೆದೆ: ಕಡತ.

ಪರದೆಯ ಮೇಲೆ ಬೇರೆ ಮಾತು ಬಂತು: ಈ ಹೆಸರಿನವರು ತಿಳಿದಿಲ್ಲ.

ಮೂರು ಮೂವತ್ತಮೂರು. ನಾನು ಗುರುಸಿದ್ಧನಿಗೆ ಫೋನು ಮಾಡಿದೆ. ಹೇಗೆ ಆರಂಭಿಸಬೇಕೆಂದು ತಿಳಿಯದೆ, ಆಗಿದ್ದನ್ನು ಆದ ಕ್ರಮದಲ್ಲಿ ಹೇಳಿದೆ. ತಪ್ಪು ನನ್ನದು ಎಂಬುದನ್ನೂ ಆ ಕ್ರಮದಲ್ಲಿ, ಅದರ ಜಾಗ ಬಂದಾಗ ಹೇಳಿದೆ. ಅವನು ಅದನ್ನು ಕೇಳಿಸಿಕೊಂಡ ಹಾಗೆ ತೋರಿಸಲಿಲ್ಲ. "ಹೆಸರು ಗೊತ್ತಿಲ್ಲ ಅಂತೈತೇನ್ರಿ? ಹಂಗಾರ ಅಂಗಳ ಇಲ್ಲ. ಒಂದ ಅಂಗಳದಾಗ ಇದ್ರಷ್ಟ ಒಬ್ಬರ ಕೂಗು ಒಬ್ಬರಿಗೆ ಕೇಳತೈತಿ. ಅಂಗಳದ ಸಾಲು ಅಳಿಸಿ ಬಿಟ್ಟೀರೇನು?"

"ಅಳಿಸಿಲ್ಲ. ಗೆರೆ ಎಳೆದಿದ್ದೇನೆ."

ನಾನು ಮಕ್ಕಳಿಗೆ ರಬ್ಬರು ಬಳಸಲು ಬಿಡುವುದಿಲ್ಲ. ತಪ್ಪಾದರೆ ಅದರ ಮೇಲೆ ಒಂದೇ ಒಂದು ಗೆರೆ. ಕೆಳಗಿನ ಅಕ್ಷರ ಓದಲು ಬರುತ್ತಿರಬೇಕು. ತಾನು ಏನನ್ನು ಬಿಟ್ಟೆನೆಂಬುದು ಬರೆದವನಿಗೆ ಕಾಣುತ್ತಿರಬೇಕು. ಆ ಫೈಲಿನಲ್ಲಿಯೂ ನಾನು ಹಾಗೆಯೇ ಮಾಡಿದ್ದೆ. ಅವನ ಸಾಲುಗಳನ್ನು ಒರೆಸದೆ, ಪ್ರತಿಯೊಂದರ ಮುಂದೆ ರದ್ದಿನ ಗುರುತು ಮಾತ್ರ ಹಾಕಿದ್ದೆ.

ಫೋನಿನಲ್ಲಿ ಅವನು ನಕ್ಕದ್ದು ಕೇಳಿಸಿತು. "ಹಂಗಾರ ಎಲ್ಲಾ ಉಳದೈತಿ ಬಿಡ್ರಿ. ನಾಲ್ಕನೇ ಕ್ಲಾಸಿನ್ಯಾಗ ನನ್ನ ರಬ್ಬರ್ ಕಸಗೊಂಡು ಬಾವ್ಯಾಗ ಒಗದಿದ್ರಿ, ನೆನಪೈತೇನು? ಗುರ್ತು ತಗೀರಿ, ಎರಡೂ ಖೋಲಿ ಆರಿಸಿ ಹಚ್ಚರಿ. ಎರಡನ್ನೂ ಮತ್ತ."

ಗುರುತುಗಳನ್ನು ತೆಗೆದೆ. ಆರಿಸಿದೆ, ಹಚ್ಚಿದೆ. ಕಾಶವ್ವ ಜೋಳದ ಚೀಲದಿಂದ ಎದ್ದು ನನ್ನ ಹಿಂದೆ ನಿಂತಿದ್ದಳು. ಅವಳ ಮೈಯಿಂದ ಹೊಗೆಯ, ಹಿಟ್ಟಿನ ವಾಸನೆ ಬರುತ್ತಿತ್ತು. ಮೂರು ಐವತ್ತೆರಡಕ್ಕೆ ಪುಟ ತೆರೆಯಿತು. ಒಂದರ ಕೆಳಗೊಂದು ಇಪ್ಪತ್ತಮೂರು ಹೆಸರು.

"ಬಂದ್ವಲ್ಲ!" ಎಂದಳು ಕಾಶವ್ವ, ಅಕ್ಷರ ಬಾರದಿದ್ದರೂ ಸಾಲುಗಳನ್ನು ಬೆರಳಿನಿಂದ ಎಣಿಸುತ್ತ.

ನಾಲ್ಕು ಹೊಡೆದು ಆರು ನಿಮಿಷಕ್ಕೆ ಫೋನು ಬಂತು. ಈ ಸಲ ಸಾಹೇಬರೇ. "ದಾಖಲೆ ಕಾಣ್ತಿದೆ ಮೇಡಂ. ಮೂರೂ ತಿಂಗಳು ಆಯ್ತು. ಷರಾದಲ್ಲಿ, ಯಾವ ತೊಂದರೆಯೂ ಇಲ್ಲ ಅಂತ ಬರ್ಕೊಳ್ಲಾ?"

"ಬರೆಯಬೇಡಿ" ಎಂದೆ. "ಇಂದು ಬೆಳಿಗ್ಗೆಯಿಂದ ಮೂರು ಐವತ್ತೆರಡರವರೆಗೆ ಸಂಪರ್ಕ ಇರಲಿಲ್ಲ. ಮುಖ್ಯೋಪಾಧ್ಯಾಯಿನಿಯು ಮಾಡಿದ ತಪ್ಪು ತಿದ್ದುಪಡಿಯೇ ಕಾರಣ. ಅದು ಈಗ ಸರಿಹೋಗಿದೆ. ಹೀಗೆ ಬರೆಯಿರಿ."

"ಹೀಗೆ ಬರೆದ್ರೆ ನಿಮಗೆ ನೋಟೀಸ್ ಬರತ್ತೆ. ಗೊತ್ತಲ್ಲ?"

"ನೋಟೀಸು ನನಗೆ ಬರಲಿ. ಶಾಲೆಗೆ ಬರಬಾರದು. ನೀವು ಕೇಳಿದ್ದು ನಾಲ್ಕು ಗಂಟೆಗೆ. ನಾಲ್ಕು ಗಂಟೆಗೆ ಅದು ತೆರೆದಿತ್ತು."

"ತೆರೆದಿತ್ತು" ಎಂದು ಅವರು ಒಪ್ಪಿಕೊಂಡರು. ಶಾಲೆ ಉಳಿಯಿತು. ನೋಟೀಸೂ ಬಂತು; ಉತ್ತರ ಬರೆದೆ, ಎರಡು ಪುಟ, ಅದರಲ್ಲಿ ಒಂದೂವರೆ ಪುಟ ಒಂಬತ್ತು ಮೈಲಿಯ ಬಗ್ಗೆ.

ಮರುದಿನ ಪ್ರಾರ್ಥನೆಯಾದ ಮೇಲೆ ಗುರುಸಿದ್ಧನನ್ನು ಶಾಲೆಗೆ ಕರೆಸಿದೆ. ಯಾರ ಎದುರಿಗೆ ಅವಮಾನವಾಯಿತೋ ಅವರ ಎದುರಿಗೇ ಕ್ಷಮೆ ಕೇಳಬೇಕು. ಒಂಟಿಯಾಗಿ ಕೇಳಿದ ಕ್ಷಮೆ ಅರ್ಧ ಕ್ಷಮೆ. ಇದು ನಾನು ಮಕ್ಕಳಿಗೆ ಹಾಕಿದ ನಿಯಮ, ಅದರಿಂದ ನನಗೆ ವಿನಾಯಿತಿ ಇಲ್ಲ. ಕಪ್ಪುಹಲಗೆಯ ಮೇಲೆ ನಾನು ಬರೆದಿದ್ದ ಸಂಖ್ಯೆಯನ್ನು ಬರೆದೆ, ಅದರ ಮೇಲೆ ಒಂದು ಗೆರೆ ಎಳೆದೆ, ಕೆಳಗೆ ಕಡತ ಎಂದು ಬರೆದೆ. "ಮೂರು ವಾರಗಳ ಹಿಂದೆ ಅಜಾಗರೂಕತೆಗೆ ಉದಾಹರಣೆ ಕೊಟ್ಟಿದ್ದೆ. ಉದಾಹರಣೆ ತಪ್ಪಾಗಿತ್ತು. ಸರಿಯಾದ ಉದಾಹರಣೆ ನಾನು. ನಿನ್ನೆ ಬೆಳಿಗ್ಗೆ ಇವನನ್ನು ಕಳ್ಳನಂತೆಯೂ ವಿಚಾರಿಸಿದೆ. ಗುರುಸಿದ್ಧಾ, ಕ್ಷಮಿಸು" ಎಂದೆ.

ಅವನು ಬಾಗಿಲ ಹತ್ತಿರ, ಗ್ರೀಸಿನ ಕೈಗಳನ್ನು ಬೆನ್ನ ಹಿಂದೆ ಮರೆಮಾಡಿ ನಿಂತಿದ್ದ. ಕಿವಿಗಳು ಕೆಂಪಗಾಗಿದ್ದವು. "ಆತ್ರಿ ಅಕ್ಕೋರ" ಎಂದ. ಆಮೇಲೆ, ಅಷ್ಟಕ್ಕೇ ಬಿಟ್ಟರೆ ಸಾಲದೆನ್ನಿಸಿತೋ ಏನೋ, "ನನ್ನ ರಬ್ಬರ್ ಇನ್ನೂ ಬಾವ್ಯಾಗ ಐತ್ರಿ" ಎಂದ. ಇಪ್ಪತ್ತಮೂರು ಮಕ್ಕಳೂ ನಕ್ಕರು. ತರಗತಿಯಲ್ಲಿ ಅಷ್ಟು ಗದ್ದಲಕ್ಕೆ ನಾನು ಅವಕಾಶ ಕೊಟ್ಟದ್ದು ಅದೇ ಮೊದಲು. ಹೋಗುವಾಗ ನಲ್ಲಿಯ ಕೂಲಿಯನ್ನು ಅವನ ಕೈಯಲ್ಲಿಟ್ಟೆ; ತೆಗೆದುಕೊಂಡ.

ಮುಂದಿನ ಅಮಾವಾಸ್ಯೆ ಕಳೆದು ಬೆಳಗಾದಾಗ ನನ್ನ ಮನೆ ನೇಕಾರರ ಓಣಿಯ ನಡುವಿನಲ್ಲಿತ್ತು. ಯಂತ್ರವನ್ನು ನೋಡಿದೆ. ಕೋಣೆಗಳ ಸಂಖ್ಯೆಗಳು ಮತ್ತೆ ಅದಲುಬದಲಾಗಿದ್ದವು. ಪುಟ ತೆರೆದೇ ಇತ್ತು. ನೀಲಿ ತಗಡನ್ನು ಹಿಂದಿನ ವಾರವೇ ಕಿತ್ತು ಕಾಶವ್ವನಿಗೆ ಕೊಟ್ಟಿದ್ದೆ; ಹಿಟ್ಟಿನ ಡಬ್ಬಿಗೆ ಅಳತೆಗೆ ಸರಿಯಾದ ಮುಚ್ಚಳವಾಗಿದೆಯಂತೆ. ಬಾಗಿಲು ತೆರೆದು ಹೊಸ್ತಿಲಿನಲ್ಲಿ ನಿಂತೆ. ಎದುರು ಮನೆಯ ನೇಕಾರ ಆಗಲೇ ಕೂಗಿ ಮುಗಿಸಿ, ನನ್ನ ಮನೆಯ ಕಡೆ ತಿರುಗಿ, ಎರಡನೆಯ ಕೂಗಿಗೆ ಉಸಿರು ಎಳೆದುಕೊಳ್ಳುತ್ತಿದ್ದ. ಕೈಯೆತ್ತಿ ಅವನನ್ನು ತಡೆದೆ.

"ಇದು ತಿದ್ದುವವರ ಮನೆ" ಎಂದೆ, ಪಾಠ ಓದುವ ದನಿಯಲ್ಲಿ, ಒಂದೊಂದು ಅಕ್ಷರವನ್ನೂ ಬಿಡಿಸಿ. ಓಣಿ ಸುಮ್ಮನಿತ್ತು. ಎದುರಿನ ನೇಕಾರ ತಲೆ ಕೆರೆದುಕೊಂಡು, "ಯಾರ ಮನಿ ಅಂದ್ರಿ?" ಎಂದ. ನಾನು ಗಂಟಲು ಸರಿಮಾಡಿಕೊಂಡು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಬೀದಿಯ ಕಡೆ ಮುಖ ಮಾಡಿ, ಇದ್ದ ಶಕ್ತಿಯನ್ನೆಲ್ಲ ಕೂಡಿಸಿ ಕೂಗಿದೆ:

"ತಿದ್ದೋರ ಮನಿ!"

"ಕೇಳ್ತು!" ಎಂದ ಎದುರಿನವನು. "ಕೇಳ್ತು!" ಎಂದಿತು ಬಲಗಡೆಯ ಮನೆ. ಬಲು ದೂರದಿಂದ, ಕೆರೆಯ ಆಚೆಯಿಂದ, ರೊಟ್ಟಿ ಬಡಿಯುವ ಸದ್ದು ನಿಂತು ಒಂದು ಹೆಂಗಸಿನ ದನಿ ಬಂತು: "ಕೇಳ್ತ್ರಿ ಅಕ್ಕೋರ, ಕೇಳ್ತು!"